ನೋಟಕ್ಕೆ ಸರ್ವೆ ನಂಬರು ಇಲ್ಲ

ಜಾಗಕ್ಕೆ ಸರ್ವೆ ನಂಬರು ಉಂಟು, ಮನೆಗೆ ಡೋರ್ ನಂಬರು ಉಂಟು. ಜಾಗ ಮಾರುವಾಗ ಆಧಾರದಲ್ಲಿ ಚೆಕ್ಕುಬಂದಿ ಬರೆಯುತ್ತಾರೆ: ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ಕಟ್ಟಪುಣಿ, ದಕ್ಷಿಣಕ್ಕೆ ಪಂಚಾಯತು ರಸ್ತೆ. ಬಾವಿ, ಸುರಂಗ, ನಡೆದುಹೋಗುವ ದಾರಿಯ ಹಕ್ಕು, ಗಡಿಯಲ್ಲಿರುವ ಹಲಸಿನ ಮರ ಎಲ್ಲವೂ ಅದರಲ್ಲಿ ಬರುತ್ತದೆ. ಆದರೆ ಆ ಮನೆಯ ಜಗಲಿಯಲ್ಲಿ ನಿಂತರೆ ಎಂತ ಕಾಣ್ತದೆ ಎಂದು ಯಾವ ಆಧಾರದಲ್ಲೂ ಬರೆದದ್ದು ನಾನು ಕಂಡಿಲ್ಲ. ಕಾಣುವುದಕ್ಕೆ ತೀರ್ವೆ ಇಲ್ಲ, ಪಟ್ಟೆ ಇಲ್ಲ, ವಾರಸುದಾರ ಇಲ್ಲ. ಹಾಗಾಗಿ ಅದು ಹೋದರೆ ಯಾರ ಸೊತ್ತು ಹೋಯಿತು ಎಂದು ಕೇಳುವವರೂ ಇಲ್ಲ.

ನಮ್ಮ ವಾಚನಾಲಯದ ಕೆಲವರು ಎರಡು ವರ್ಷ ಈ ವಾರಸುದಾರ ಇಲ್ಲದ ಸೊತ್ತಿನ ಹಿಂದೆ ಬಿದ್ದಿದ್ದೆವು. ಅದರಲ್ಲಿ ತಿಳಿದುಕೊಂಡದ್ದನ್ನು ಬರೆದಿಟ್ಟರೆ ಪಕ್ಕದ ಊರಿನವರಿಗೂ ಉಪಯೋಗವಾದೀತು ಎಂದು ಸಂಕಲನ ಮಾಡುವವರು ಹೇಳಿದರು. ಅದಕ್ಕೆ ಇಷ್ಟು.

ಮೊದಲು ನಮ್ಮ ಊರುಗಳ ಹೆಸರು ನೋಡಿ. ಬಾಯಾರುಪದವು, ಮೀಯಪದವು, ಕುರುಡಪದವು. ಬದಿಯಡ್ಕ, ಧರ್ಮತ್ತಡ್ಕ. ಮಜಿರ್ಪಳ್ಳ. ಪದವು ಎಂದರೆ ಗುಡ್ಡೆಯ ತಲೆ ಮೇಲಿನ ವಿಸ್ತಾರವಾದ ಬಯಲು. ಅಡ್ಕ ಎಂದರೆ ತಟ್ಟಾದ ಜಾಗ. ಪಳ್ಳ ಎಂದರೆ ಮಳೆನೀರು ನಿಲ್ಲುವ ಹೊಂಡ. ಗದ್ದೆಗೂ ಹಾಗೆಯೇ ಬೈಲು, ಮಜಲು, ಬೆಟ್ಟು ಎಂದು ಮೂರು ಹೆಸರು, ತಗ್ಗು ಎತ್ತರ ನೋಡಿ ಇಟ್ಟದ್ದು. ನಮ್ಮ ಹಿರಿಯರು ಊರಿಗೆ ಹೆಸರಿಡುವಾಗ ನಿಂತು ನೋಡಿದ್ದಾರೆ, ಕಂಡದ್ದನ್ನೇ ಹೆಸರು ಮಾಡಿದ್ದಾರೆ. ದೂರದ ಕುದುರೆಮುಖವೂ ಅಷ್ಟೆ. ಬೆಟ್ಟ ಕುದುರೆಯ ಮುಖದ ಹಾಗೆ ಕಂಡಿತು, ಕುದುರೆಮುಖ ಆಯಿತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು, ಕಚೇರಿಯ ಬೋರ್ಡುಗಳ ಅಕ್ಷರ ಬದಲಾಯಿತು. ಹೆಸರುಗಳು ಮಾತ್ರ ಈಗಲೂ ನೆಲದ ಆಕಾರವನ್ನೇ ಹೇಳುತ್ತವೆ. ಪದವನ್ನು ಕಡಿದು ತಟ್ಟು ಮಾಡಿ ನಾಲ್ಕು ಮಾಳಿಗೆ ಎಬ್ಬಿಸಿದ ಮೇಲೆ 'ಪದವು' ಎಂಬ ಮಾತು ಮಕ್ಕಳಿಗೆ ಬರೀ ಬಸ್ ಸ್ಟಾಪಿನ ಹೆಸರು.

ನಮ್ಮ ವಾಚನಾಲಯ ಇರುವುದು ಬೈಲಿನ ಪಶ್ಚಿಮದ ದಿಣ್ಣೆಯ ಮೇಲೆ. ಎದುರಿಗೆ ಬೈಲು, ಬೈಲಿನಲ್ಲಿ ಈಗ ಹೆಚ್ಚಿನ ಕಡೆ ಅಡಿಕೆ ತೋಟ, ಅಲ್ಲಲ್ಲಿ ಉಳಿದ ಗದ್ದೆ. ಅದರಾಚೆ ಗುಡ್ಡೆಯ ಬದಿ ಏರಿ ಮೇಲೆ ಪದವಿನ ಅಂಚು, ಗೆರೆ ಎಳೆದ ಹಾಗೆ ನೇರ. ಆ ಗೆರೆಯ ಹಿಂದೆ ಪೊಸಡಿ ಗುಂಪೆ. ಸಮುದ್ರ ಮಟ್ಟದಿಂದ ಸಾವಿರ ಅಡಿಗೆ ಸ್ವಲ್ಪ ಹೆಚ್ಚು. ಘಟ್ಟದ ಲೆಕ್ಕದಲ್ಲಿ ಅದೊಂದು ಬೆಟ್ಟವೇ ಅಲ್ಲ. ಆದರೆ ಸುತ್ತಮುತ್ತ ಅದಕ್ಕಿಂತ ಎತ್ತರದ್ದು ಇಲ್ಲದ ಕಾರಣ ನಮಗೆ ಅದೇ ದೊಡ್ಡದು. ಆಕಾಶ ತೊಳೆದ ಹಾಗಿರುವ ದಿನ ಅದರ ತುದಿಗೆ ಹತ್ತಿದರೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಕುದುರೆಮುಖದ ಸಾಲು ಕಾಣ್ತದೆ.

ಈ ಗುಂಪೆ ನಮಗೆ ಚಿತ್ರಪಟ ಅಲ್ಲ, ಉಪಯೋಗದ ವಸ್ತು. ನಮ್ಮ ಮನೆಯಲ್ಲಿ ಅಜ್ಜಿ ಇದ್ದಷ್ಟು ದಿನ ಗುಂಪೆಯ ತಲೆಗೆ ಮೋಡ ಕೂತಿತು ಎಂದರೆ ಅಂಗಳದ ಅಡಿಕೆ ರಾಶಿ ಮಾಡಿ ಮುಚ್ಚಲೇಬೇಕು. ರೇಡಿಯೋ ಎಂತ ಬೇಕಾದರೂ ಹೇಳಲಿ. ಬೆಳಿಗ್ಗೆ ಮಂಜು ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ನೋಡಿ ಮದ್ದು ಬಿಡಲು ಜನ ಬರುತ್ತಾರೋ ಇಲ್ಲವೋ ಎಂದು ಗೊತ್ತಾಗುತ್ತಿತ್ತು. ದೂರದಿಂದ ಬಸ್ಸಿನಲ್ಲಿ ಬರುವಾಗ ತಿರುವಿನಲ್ಲಿ ಗುಂಪೆ ಕಂಡರೆ ಚೀಲ ತೆಗೆದುಕೊಂಡು ಬಾಗಿಲ ಹತ್ತಿರ ಹೋಗುವ ಅಭ್ಯಾಸ ನನಗೆ ಮಾತ್ರ ಅಲ್ಲ, ಇಲ್ಲಿನ ಎಲ್ಲರಿಗೂ ಉಂಟು.

ಪದವಿನ ಬಗ್ಗೆ ಎರಡು ಮಾತು ಹೇಳಬೇಕು. ಅದು ಮುರಕಲ್ಲಿನ ನೆಲ. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರು ಬಂದದ್ದು ಕೇರಳದಿಂದಲೇ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲಿಗೆ ಆ ಹೆಸರು ಇಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದರ್ಥ ಬರುವ ಮಾತಿನಿಂದ. ನೆಲದೊಳಗೆ ಮೆತ್ತಗಿರ್ತದೆ, ಕಡಿದು ತೆಗೆದು ಗಾಳಿಗೆ ಇಟ್ಟರೆ ಗಟ್ಟಿಯಾಗ್ತದೆ. ಬೇಸಗೆಯಲ್ಲಿ ಪದವಿಗೆ ಹೋದರೆ ಕರಿಬಂಡೆ, ಒಣಗಿದ ಮುಳಿಹುಲ್ಲು, ಸುಡುವ ಬಿಸಿಲು. ಹೊರಗಿನವರಿಗೆ ಅದು ಬಂಜರು ಭೂಮಿ. ಸರಕಾರಿ ಕಾಗದದಲ್ಲೂ ಎಷ್ಟೋ ಕಡೆ ಅದನ್ನು ಹಾಗೆಯೇ ಕರೆದದ್ದುಂಟು. ಆಟಿ ಸೋಣ ತಿಂಗಳಲ್ಲಿ ಹೋಗಿ ನೋಡಿ. ಬಂಡೆಯ ತಗ್ಗುಗಳಲ್ಲಿ ನೀರು ನಿಂತು, ಕಾಲಿಡಲು ಜಾಗ ಇಲ್ಲದ ಹಾಗೆ ಸಣ್ಣ ನೀಲಿ ಹೂ, ಬಿಳಿ ಗುಂಡಿಯ ಹಾಗಿನ ಹೂ. ಆ ನೀರೇ ನಿಧಾನ ಇಳಿದು ಗುಡ್ಡೆಯ ಹೊಟ್ಟೆಯೊಳಗೆ ಹೋಗಿ ನಮ್ಮ ಸುರಂಗಗಳಲ್ಲಿ ಬರುವುದು. ಅಡ್ಡಕ್ಕೆ ಕೊರೆದ ಈ ಸುರಂಗಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಸುರಂಗದ ನೀರು ಎಲ್ಲಿಂದ ಎಂದು ಕೇಳಿದರೆ ತಲೆ ಎತ್ತಿ ಪದವನ್ನು ತೋರಿಸಬೇಕು. ಕಣ್ಣಿಗೆ ಚಂದ ಕಾಣುವ ಆ ಗೆರೆಯೂ ಕೊಡಪಾನ ತುಂಬುವ ಆ ನೀರೂ ಒಂದೇ ಗುಡ್ಡೆಯದ್ದು.

ಆ ಪದವಿನ ಅಂಚಿನಲ್ಲಿ ಸುಮಾರು ಮೂರು ಎಕರೆ ಜಾಗವನ್ನು ಹೊರಗಿನ ಒಂದು ಕಂಪೆನಿ ಕೊಂಡುಕೊಂಡಿತು. ನಾಲ್ಕು ಮಾಳಿಗೆಯ ವಸತಿಗೃಹ, ಅಂಚಿಗೆ ತಾಗಿ ಈಜುಕೊಳ, ಮೇಲೆ ಹೋಗಲು ಗುಡ್ಡೆಯ ಬದಿ ಕಡಿದು ರಸ್ತೆ. ಎತ್ತರ 14 ಮೀಟರ್. ಅವರು ಹಂಚಿದ ಕಾಗದದಲ್ಲಿ ಮೊದಲನೆಯ ಸಾಲೇ "ಸಾಟಿಯಿಲ್ಲದ ನೋಟ" ಎಂದು. ನೋಟಕ್ಕೆ ಬೆಲೆ ಇಲ್ಲ ಎಂದು ಹೇಳುವವರು ಇದನ್ನು ಓದಬೇಕಿತ್ತು. ಅವರ ಕೋಣೆಯ ಬಾಡಿಗೆಯಲ್ಲಿ ಹೆಚ್ಚಿನ ಪಾಲು ಕಿಟಕಿಯಿಂದ ಕಾಣುವುದಕ್ಕೇ. ಅಲ್ಲಿಂದ ನೋಡುವವನ ನೋಟ ಮಾರಾಟದ ಲೆಕ್ಕಕ್ಕೆ ಬರ್ತದೆ, ಇಲ್ಲಿಂದ ಅಲ್ಲಿಗೆ ನೋಡುವವನ ನೋಟ ಯಾವ ಲೆಕ್ಕಕ್ಕೂ ಬರುವುದಿಲ್ಲ.

ವಿಷಯ ನಮ್ಮ ವಾರ್ಡಿನ ಗ್ರಾಮಸಭೆಗೆ ಬಂತು. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸೇರ್ತದೆ, ಆದರೆ ಹೆಚ್ಚಾಗಿ ದನದ ಹಟ್ಟಿ, ತೆಂಗಿನ ಸಸಿ, ಬೀದಿದೀಪದ ಪಟ್ಟಿ ಓದಿ ಮುಗಿಯುತ್ತದೆ. ಆ ದಿನ ಜನ ತುಂಬ ಇದ್ದರು. ಒಬ್ಬರು ಧೂಳಿನ ಮಾತೆತ್ತಿದರು, ಒಬ್ಬರು ಸುರಂಗದ್ದು, ಒಬ್ಬರು ಲಾರಿಯದ್ದು. ಶಾಲೆಯ ಅಡುಗೆಯ ಹೆಂಗಸು ಎದ್ದು, "ಅಲ್ಲಿ ಅಷ್ಟೆತ್ತರ ಕಟ್ಟಿದ್ರೆ ನಮಗೆ ಗುಂಪೆ ಕಾಣ್ಲಿಕ್ಕಿಲ್ಲ ಅಲ್ವಾ?" ಎಂದು ಕೇಳಿದಳು. ಸಭೆಯಲ್ಲಿ ಸಣ್ಣ ನಗೆ. ಬರೆದುಕೊಳ್ಳುತ್ತಿದ್ದ ಅಧಿಕಾರಿ ಒಳ್ಳೆಯವರೇ, ಬೇಸರದಿಂದ ಹೇಳಿದರು, "ನೀರು, ಧೂಳು, ರಸ್ತೆ ಇದ್ದರೆ ಬರೀಬಹುದು. ಕಾಣೂದಿಲ್ಲ ಅಂತ ಬರೀಲಿಕ್ಕೆ ಕಾಲಂ ಇಲ್ಲ."

ಇನ್ನೂ ಒಂದು ಮಾತು ಬಂತು, ಅದನ್ನು ಬಿಡಬಾರದು. ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬ ಎದ್ದ. ಗಲ್ಫಿನಿಂದ ಕೆಲಸ ಹೋಗಿ ಬಂದವನು. "ನೋಟ ತಿಂದ್ರೆ ಹೊಟ್ಟೆ ತುಂಬ್ತದಾ? ನಿಮ್ಗೆಂತ, ತೋಟ ಉಂಟು. ಅಲ್ಲಿ ಇಪ್ಪತ್ತು ಜನಕ್ಕೆ ಕೆಲಸ ಆಗ್ತದೆ" ಎಂದ. ಇದಕ್ಕೆ ಯಾರೂ ನಗಲಿಲ್ಲ. ನನಗೆ ಆ ರಾತ್ರಿ ನಿದ್ರೆ ಸರಿ ಬರಲಿಲ್ಲ. ಅವನು ಕೇಳಿದ್ದರಲ್ಲಿ ಹುರುಳಿತ್ತು. ಜಗಲಿಯಲ್ಲಿ ಕೂತು ಗುಡ್ಡೆ ನೋಡಲು ಪುರುಸೊತ್ತು ಇರುವವರ ಖುಷಿಗಾಗಿ ಕೆಲಸ ಇಲ್ಲದವನ ಕೆಲಸ ತಪ್ಪಿಸುವುದಾದರೆ ಅಂಥ ನೋಟ ಉಳಿಸಿ ಪ್ರಯೋಜನ ಇಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಆ ಇಪ್ಪತ್ತು ಜನರ ಕೆಲಸಕ್ಕೆ 14 ಮೀಟರ್ ಎತ್ತರವೇ ಬೇಕಾ? ಅಂಚಿಗೇ ತಾಗಬೇಕಾ? ಮೂರು ಎಕರೆಯಲ್ಲಿ ಹಿಂದೆ ಜಾಗ ಇಲ್ಲವಾ?

ಕಾಲಂ ಇಲ್ಲ ಎಂದದ್ದು ಎಷ್ಟು ಸರಿ ಎಂದು ನೋಡಲು ಹೊರಟೆವು. ವಾಚನಾಲಯದಲ್ಲಿ ಹಳೆ ಪತ್ರಿಕೆ ಉಂಟು, ಈಗ ಎಲ್ಲರ ಕೈಯಲ್ಲಿ ಫೋನೂ ಉಂಟು. ಸ್ವಲ್ಪ ಹುಡುಕಿದ ಮೇಲೆ ತಿಳಿಯಿತು, ಕಾಲಂ ಎಲ್ಲೆಲ್ಲಿಯೋ ಉಂಟು.

ಕೇಂದ್ರ ಸರಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ದೊಡ್ಡ ಕಟ್ಟಡಗಳಿಗೆ ಒಂದು ನಮೂನೆ ಉಂಟು, ಫಾರ್ಮ್ 1-ಎ. ಅದರಲ್ಲಿ ನೆಲ, ನೀರು, ಗಿಡಮರ, ಪ್ರಾಣಿ, ಗಾಳಿ ಎಂದು ಒಂದೊಂದೇ ವಿಭಾಗ. ಅವುಗಳ ಸಾಲಿನಲ್ಲಿಯೇ ಸೌಂದರ್ಯ ಎಂಬ ಒಂದು ವಿಭಾಗ. ಈ ಕಟ್ಟಡದಿಂದ ಯಾವುದಾದರೂ ನೋಟಕ್ಕೆ, ಪ್ರಕೃತಿ ದೃಶ್ಯಕ್ಕೆ ಅಡ್ಡಿಯಾಗುತ್ತದೆಯೇ, ಅದನ್ನು ಯೋಚಿಸಿದ್ದೀರಾ ಎಂದು ಕಟ್ಟುವವರನ್ನೇ ಕೇಳುತ್ತದೆ. ಆದರೆ ಇದು ಅನ್ವಯಿಸುವುದು 20,000 ಚದರ ಮೀಟರ್ ಅಥವಾ ಅದಕ್ಕಿಂತ ಮೇಲಿನ ಕಟ್ಟಡಕ್ಕೆ. ನಮ್ಮ ಪದವಿನದ್ದು ಅಷ್ಟು ದೊಡ್ಡದಲ್ಲ. ಊರಿನ ಕಣ್ಣಿಗೆ ಎಷ್ಟೇ ದೊಡ್ಡದಾದರೂ ದೆಹಲಿಯ ಲೆಕ್ಕದಲ್ಲಿ ಸಣ್ಣದು.

ನೀಲಗಿರಿಯಲ್ಲಿ ಇನ್ನೂ ಸ್ಪಷ್ಟವಾಗಿ ಉಂಟು. ತಮಿಳುನಾಡು ಸರಕಾರ 1993ರಲ್ಲಿ ಗಿರಿಧಾಮಗಳಿಗೆಂದೇ ಪ್ರತ್ಯೇಕ ಕಟ್ಟಡ ನಿಯಮ ಮಾಡಿತು. ಅಲ್ಲಿ ಕಟ್ಟಡದ ಎತ್ತರ 7 ಮೀಟರ್ ದಾಟಬಾರದು. ಕಟ್ಟಡದ ವಾಸ್ತುವನ್ನೂ ಅಂದವನ್ನೂ ನೋಡಲಿಕ್ಕೆಂದೇ ಒಂದು ಸಮಿತಿ ಇಟ್ಟಿದ್ದಾರೆ. ನಿಯಮ ಮುರಿದವರು ಅಲ್ಲಿಯೂ ಇದ್ದಾರೆ. ಆದರೂ ಮುರಿದರು ಎಂದು ಹೇಳಲಿಕ್ಕೆ ಒಂದು ನಿಯಮ ಬೇಕಲ್ಲ, ಅದು ಅವರಲ್ಲಿ ಉಂಟು.

ನಮ್ಮ ಜಿಲ್ಲೆಯಲ್ಲಿಯೇ ಬೇಕಲ ಕೋಟೆ ಉಂಟು. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು, ಸುಮಾರು 40 ಎಕರೆ. ಕೋಟೆ ಕಟ್ಟುವುದೇ ನೋಟಕ್ಕೆ. ಕಡಲಿನಿಂದ ಯಾರು ಬರ್ತಾರೆ, ತೀರದಲ್ಲಿ ಎಂತ ಆಗ್ತಾ ಉಂಟು ಎಂದು ನೋಡಲು ಒಳಗೆ ಎತ್ತರದ ವೀಕ್ಷಣಾ ಬುರುಜು, ಗೋಡೆಯಲ್ಲಿ ಬೇರೆ ಬೇರೆ ಮಟ್ಟಕ್ಕೆ ಗುರಿಯಿಡುವ ಕಿಂಡಿಗಳು. ಇಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. 2010ರಲ್ಲಿ ಕಾಯಿದೆಗೆ ತಂದ ತಿದ್ದುಪಡಿ ಇದು. ಒಳ್ಳೆಯ ನಿಯಮ, ಆದರೆ ಅದು ಕೋಟೆಯ ಸುತ್ತ ಹಗ್ಗ ಹಿಡಿದು ಅಳೆದ ಹಾಗೆ. ಬುರುಜಿನ ಮೇಲೆ ನಿಂತವನ ಕಣ್ಣು 300 ಮೀಟರಿಗೆ ನಿಲ್ಲುವುದಿಲ್ಲ. ನೋಟ ಹೋಗುವುದು ಒಂದು ದಿಕ್ಕಿಗೆ, ನಿಯಮ ಹೋಗುವುದು ವೃತ್ತದಲ್ಲಿ.

ನಮ್ಮ ಪದವಿಗೆ ಇದ್ದದ್ದು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮ ಮಾತ್ರ. ರಸ್ತೆಯಿಂದ ಎಷ್ಟು ಬಿಡಬೇಕು, ನೆರೆಯ ಗಡಿಯಿಂದ ಎಷ್ಟು, ವಾಹನ ನಿಲ್ಲಿಸಲು ಎಷ್ಟು ಎಂದೆಲ್ಲ ಅದರಲ್ಲಿ ಉಂಟು. ಬೈಲಿನಿಂದ ಹೇಗೆ ಕಾಣ್ತದೆ ಎಂದು ಕೇಳುವ ಪ್ರಶ್ನೆ ಆ ಅರ್ಜಿಯಲ್ಲಿ ನಮಗೆ ಸಿಗಲಿಲ್ಲ. ಹಾಗಾಗಿ ನಾವೇ ಕೇಳಬೇಕಾಯಿತು, ಅದೂ ಅಳತೆಯ ಭಾಷೆಯಲ್ಲಿ. ಚಂದ ಹಾಳಾಗ್ತದೆ ಎಂದು ಬರೆದರೆ ಅದು ಅಭಿಪ್ರಾಯ. ಇಂಥ ಜಾಗದಲ್ಲಿ ನಿಂತರೆ ಇಂಥದ್ದು ಇಷ್ಟು ಮರೆಯಾಗ್ತದೆ ಎಂದು ಬರೆದರೆ ಅದು ಸಾಕ್ಷಿ.

ಸ್ವಿಟ್ಜರ್‌ಲೆಂಡಿನಲ್ಲಿ ಕಟ್ಟಡ ಕಟ್ಟುವ ಮೊದಲು ಅದರ ಮೂಲೆಗಳಿಗೆ, ಅದರ ಎತ್ತರಕ್ಕೆ ಸರಿಯಾಗಿ ಕಂಬ ನೆಟ್ಟು ಊರಿನವರಿಗೆ ತೋರಿಸಬೇಕು. ಎಲ್ಲಿಯೋ ಓದಿದ್ದ ಈ ಸಂಗತಿ ಚರ್ಚೆಗೆ ಬಂದಾಗ ಶಾಲೆಯ ಲೆಕ್ಕದ ಮಾಸ್ಟ್ರು, "ಕಂಬ ಯಾಕೆ, ದೋಟಿ ಇಲ್ವಾ?" ಎಂದರು. ಈಗ ಅಡಿಕೆ ಕೊಯ್ಯಲು, ಮದ್ದು ಬಿಡಲು ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆಯಲ್ಲ, ಅದು. ಜಾಗದ ಪಕ್ಕದವರ ಒಪ್ಪಿಗೆ ಕೇಳಿ, ಅಂಚಿನಲ್ಲಿ ದೋಟಿಯನ್ನು ಸರಿಯಾಗಿ 14 ಮೀಟರಿಗೆ ಬಿಡಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ ಇಬ್ಬರು ಹಿಡಿದು ನಿಂತರು. ಕೆಳಗೆ ನಾವು ನಾಲ್ಕು ಕಡೆ: ವಾಚನಾಲಯದ ಜಗಲಿ, ಶಾಲೆಯ ಆಟದ ಬಯಲು, ಬಸ್ ಸ್ಟಾಪು, ಬೈಲಿನ ಅಶ್ವತ್ಥಕಟ್ಟೆ. ನಾಲ್ಕೂ ಎಲ್ಲರಿಗೆ ಸೇರಿದ ಜಾಗ. ಯಾರ ಮನೆಯ ಜಗಲಿಯನ್ನೂ ಸೇರಿಸಿಕೊಳ್ಳಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ನನ್ನ ಮನೆಯಿಂದ ಕಾಣುವುದಿಲ್ಲ ಎಂದರೆ ಅದು ನೆರೆಕರೆಯ ಜಗಳ ಆಗ್ತದೆ.

ಫೋನಿನಲ್ಲಿ ಮೇಲಿನವರು ಕೇಳುತ್ತಿದ್ದರು, "ಕಾಣ್ತದಾ?" "ಕಾಣ್ತದೆ." "ಗುಂಪೆ?" ವಾಚನಾಲಯದ ಜಗಲಿಯಿಂದ ಕೆಂಪು ಬಟ್ಟೆ ನಿಂತದ್ದು ಸರಿಯಾಗಿ ಗುಂಪೆಯ ನೆತ್ತಿಯ ಮೇಲೆ. ಅಂದರೆ ಆ ಅಗಲಕ್ಕೆ ಕಟ್ಟಡ ಬಂದರೆ ಅಲ್ಲಿಂದ ಗುಂಪೆ ಪೂರ್ತಿ ಹೋಯಿತು. ನೋಡಲು ಬಂದ ಮಕ್ಕಳು ಸುಮ್ಮನಾದರು. ಅಷ್ಟು ದಿನ ನಾವು ಬಾಯಿಯಲ್ಲಿ ಹೇಳುತ್ತಿದ್ದದ್ದು ಒಂದು ತುಂಡು ಬಟ್ಟೆಯಲ್ಲಿ ಕಂಡಿತು. ನಾಲ್ಕೂ ಕಡೆಯಿಂದ, ಕಣ್ಣಿನ ಎತ್ತರಕ್ಕೆ ಫೋನು ಹಿಡಿದು, ದೊಡ್ಡದು ಮಾಡದೆ ಫೋಟೋ ತೆಗೆದೆವು.

ಆಮೇಲೆ ಮಾಸ್ಟ್ರು ಹಲಗೆಯ ಮೇಲೆ ಲೆಕ್ಕ ಮಾಡಿದರು. ಇದು ಯಾವ ಊರಿಗೂ ಉಪಯೋಗವಾಗುವುದರಿಂದ ಬರೆಯುತ್ತೇನೆ. ವಾಚನಾಲಯದಿಂದ ಪದವಿನ ಅಂಚು ಸುಮಾರು 700 ಮೀಟರ್ ದೂರ, ನಮಗಿಂತ ಸುಮಾರು 30 ಮೀಟರ್ ಎತ್ತರ. ಇಲ್ಲಿಂದ ಅಂಚಿಗೆ ತಾಗಿ ಹೋಗುವ ಕಣ್ಣಿನ ಗೆರೆ ಅಂಚು ದಾಟಿದ ಮೇಲೆ ಪ್ರತಿ ಮೀಟರಿಗೆ ನಾಲ್ಕು ಸೆಂಟಿಮೀಟರಿನಷ್ಟು ಮಾತ್ರ ಏರುತ್ತದೆ. ಹಾಗಾಗಿ ಕಟ್ಟಡವನ್ನು 40 ಮೀಟರ್ ಹಿಂದೆ ಸರಿಸಿದರೂ ಅದರಲ್ಲಿ ಎರಡು ಮೀಟರೂ ಮರೆಯಾಗುವುದಿಲ್ಲ. ಅಶ್ವತ್ಥಕಟ್ಟೆ ಹಾಗಲ್ಲ. ಅದು ಗುಡ್ಡೆಯ ಬುಡದಲ್ಲಿ, ಅಂಚಿನಿಂದ ಸುಮಾರು 100 ಮೀಟರ್. ಅಲ್ಲಿಂದ ಗೆರೆ ಪ್ರತಿ ಮೀಟರಿಗೆ 30 ಸೆಂಟಿಮೀಟರ್ ಏರುತ್ತದೆ. 40 ಮೀಟರ್ ಹಿಂದೆ ಸರಿದರೆ 12 ಮೀಟರ್ ಮರೆ. ಇದರ ಸಾರ ಇಷ್ಟೆ: ಹತ್ತಿರದವರಿಗೆ ಬೇಕಾದದ್ದು ಕಟ್ಟಡ ಹಿಂದೆ ಸರಿಯುವುದು, ದೂರದವರಿಗೆ ಬೇಕಾದದ್ದು ಎತ್ತರ ತಗ್ಗುವುದು. ಒಂದನ್ನೇ ಕೇಳಿದರೆ ಅರ್ಧ ಊರಿಗೆ ಮಾತ್ರ ನ್ಯಾಯ. ನಾವು ಎರಡನ್ನೂ ಕೇಳಿದೆವು. ಅಂಚಿನಿಂದ 40 ಮೀಟರ್ ಹಿಂದೆ, ಎತ್ತರ 7 ಮೀಟರ್. ನೀಲಗಿರಿಯ ಅಂಕಿ ನಮ್ಮ ಲೆಕ್ಕಕ್ಕೂ ಸರಿಹೋಯಿತು.

ಮನವಿಯನ್ನು ಕನ್ನಡದಲ್ಲಿ ಬರೆದೆವು. ಅದು ಹಟಕ್ಕೆ ಅಲ್ಲ. ಯೋಜನೆಯ ವಿವರ ಎಲ್ಲ ಮಲಯಾಳದಲ್ಲಿ, ನಕ್ಷೆಯ ಬರಹ ಇಂಗ್ಲಿಷಿನಲ್ಲಿ ಇತ್ತು. ಅದನ್ನು ಓದಲು ಬಾರದ ಹಿರಿಯರೇ ಆ ಗುಡ್ಡೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು. ಯಾವ ಕಲ್ಲಿನ ಹತ್ತಿರ ನೀರು ಇಂಗ್ತದೆ, ಭಂಡಾರ ಯಾವ ದಾರಿಯಲ್ಲಿ ಹೋಗ್ತದೆ, ಯಾವ ತಿರುವಿನಲ್ಲಿ ಗುಂಪೆ ಮೊದಲು ಕಾಣ್ತದೆ ಎಂಬುದೆಲ್ಲ ಅವರ ಬಾಯಿಂದ ಬರಬೇಕು. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವ ಪ್ರಜೆಯೂ ತನ್ನ ಅಹವಾಲನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಕೊಡಬಹುದು. ಅದನ್ನು ಮೇಲ್ಗಡೆ ಒಂದು ಸಾಲಿನಲ್ಲಿ ಬರೆದು, ಕೆಳಗೆ ಮಲಯಾಳ ಅನುವಾದವನ್ನೂ ಲಗತ್ತಿಸಿದೆವು. ಓದುವವರಿಗೆ ತೊಂದರೆ ಆಗಬಾರದು. ಎರಡು ಪುಟ ಬರಹ, ನಾಲ್ಕು ಫೋಟೋ, ಒಂದು ಲೆಕ್ಕದ ಚಿತ್ರ, 212 ಸಹಿ. ಆ ಗಲ್ಫಿನ ಹುಡುಗ ಸಹಿ ಹಾಕಲಿಲ್ಲ. ಆದರೆ ದೋಟಿ ಹಿಡಿದ ಇಬ್ಬರಲ್ಲಿ ಒಬ್ಬ ಅವನೇ. "ಕಟ್ಬೇಡಿ ಅಂತ ಬರೀದಿದ್ರೆ ಸಾಕು" ಎಂದಿದ್ದ. ನಾವು ಹಾಗೆ ಬರೆಯಲೂ ಇಲ್ಲ.

ಎಂತ ಆಯಿತು? ಪೂರ್ತಿ ಗೆದ್ದೆವು ಎಂದು ಹೇಳಲಾಗದು. ಕಂಪೆನಿಯವರು ಎರಡು ಸಲ ಬಂದು ನೋಡಿದರು. ಒಂದು ಸಲ ಅವರ ಇಂಜಿನಿಯರ್ ನಮ್ಮ ಜಗಲಿಯಲ್ಲಿ ಕೂತು ಫೋಟೋಗಳನ್ನು ತುಂಬ ಹೊತ್ತು ನೋಡಿದರು, ಚಹಾ ಕುಡಿದರು, ಎಂತದೂ ಹೇಳಲಿಲ್ಲ. ಆರು ತಿಂಗಳ ಮೇಲೆ ಬದಲಾದ ನಕ್ಷೆ ಬಂತು. ಎರಡೇ ಮಾಳಿಗೆ, ಮೇಲೆ ಹಂಚಿನ ಮಾಡು, ಅಂಚಿನಿಂದ 25 ಮೀಟರ್ ಹಿಂದೆ. ಈಜುಕೊಳ ಹಿಂಬದಿಗೆ ಹೋಯಿತು. ಆದರೆ ರಸ್ತೆಗೆ ಗುಡ್ಡೆಯ ಬದಿ ಕಡಿದದ್ದು ಕಡಿದದ್ದೇ. ಬೈಲಿನಿಂದ ನೋಡಿದರೆ ಈಗ ಅಲ್ಲಿ ಕೆಂಪಗೆ ಒಂದು ಗಾಯ. ಮುಂದಿನ ಮಳೆಗೆ ಹುಲ್ಲು ಹಿಡಿಯುತ್ತದೆ ಎಂದಿದ್ದರು, ಹಿಡಿಯಲಿಲ್ಲ. ಬುಡದ ಎರಡು ಸುರಂಗಗಳಲ್ಲಿ ಒಂದಕ್ಕೆ ಕೆಸರು ಬಂದು ಆ ಮನೆಯವರು ಬೇಸಗೆಯಲ್ಲಿ ನೀರು ಹೊರುವ ಹಾಗಾಯಿತು. ರಸ್ತೆಯ ಮಾತು ನಮ್ಮ ಮನವಿಯಲ್ಲಿ ಇತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗುಂಪೆ ಮಾತ್ರ ಕಾಣ್ತದೆ. ಆ ಹುಡುಗನಿಗೆ ಅಲ್ಲಿಯೇ ಕೆಲಸವಾಗಿದೆ.

ಇಷ್ಟಾದ ಮೇಲೆ ಕೆಲವರು ಉತ್ಸಾಹದಲ್ಲಿ ಪದವಿನ ಮೇಲೆ ಇನ್ನು ಎಂತದೂ ಕಟ್ಟಬಾರದು ಎಂದು ಹೇಳತೊಡಗಿದರು. ಲೈಫ್ ಮಿಷನ್ ಯೋಜನೆಯಲ್ಲಿ ಒಬ್ಬಳು ವಿಧವೆಗೆ ಮನೆ ಮಂಜೂರಾಗಿತ್ತು, ಅವಳಿಗೆ ಇರುವ ಮೂರು ಸೆಂಟ್ಸ್ ಜಾಗ ಅಂಚಿನ ಹತ್ತಿರವೇ. ಅದಕ್ಕೂ ಆಕ್ಷೇಪ ಬರೆಯಬೇಕು ಎಂದು ಒಬ್ಬರು ಕೇಳಿದರು. ನಾವು ಬರೆಯುವುದಿಲ್ಲ ಎಂದೆವು. ಮೂರು ಎಕರೆ ಇದ್ದವನಿಗೆ ಹಿಂದೆ ಸರಿಯಲು ಜಾಗ ಉಂಟು, ಮೂರು ಸೆಂಟ್ಸಿನವಳಿಗೆ ಇಲ್ಲ. ಒಂದು ಮಾಳಿಗೆಯ ಸಣ್ಣ ಮನೆ, ಪಕ್ಕದಲ್ಲಿ ಒಂದು ಗೇರುಮರ. ಅದು ನೋಟವನ್ನು ಹಾಳು ಮಾಡುವುದಿಲ್ಲ, ಸಂಜೆ ಅಲ್ಲಿ ದೀಪ ಹತ್ತಿದರೆ ಅದೂ ನೋಟದ ಭಾಗವೇ. ಅನುಕೂಲ ಇದ್ದವನಿಗೆ ಕಟ್ಟುನಿಟ್ಟು, ಇಲ್ಲದವನಿಗೆ ಸಡಿಲು. ಹೀಗೆ ಇಲ್ಲದಿದ್ದರೆ ನೋಟದ ಹೆಸರಿನಲ್ಲಿ ಬಡವರನ್ನು ಗುಡ್ಡೆಯಿಂದ ಇಳಿಸುವ ಕೆಲಸ ಆಗ್ತದೆ. ಎಷ್ಟೋ ಊರಿನಲ್ಲಿ ಹಾಗೆ ಆಗಿಯೂ ಉಂಟು.

ನಮ್ಮದೇ ಊರಿನ ಫ್ಲೆಕ್ಸುಗಳ ಮಾತೂ ಸ್ವಲ್ಪ ಹೇಳಲೇಬೇಕು. ಬ್ರಹ್ಮಕಲಶ, ಉರೂಸು, ಕ್ರಿಕೆಟ್ ಪಂದ್ಯಾಟ, ಶ್ರದ್ಧಾಂಜಲಿ, ಚುನಾವಣೆ. ಬಸ್ ಸ್ಟಾಪಿನಿಂದ ಗುಂಪೆಯನ್ನು ಅತಿ ಹೆಚ್ಚು ದಿನ ಮರೆ ಮಾಡಿದ್ದು ಯಾವ ಕಂಪೆನಿಯೂ ಅಲ್ಲ, ಈ ಬಟ್ಟೆಗಳೇ. ಅದಕ್ಕೆ ಅರ್ಜಿ ಬೇಡ, ಒಂದು ಏಣಿ ಸಾಕು. ಕಾರ್ಯಕ್ರಮ ಮುಗಿದ ಮೂರನೆಯ ದಿನ ಕಟ್ಟಿದವರೇ ಇಳಿಸಬೇಕು ಎಂದು ಎಲ್ಲ ಸಂಘದವರೂ ಸೇರಿ ಮಾತಾಡಿಕೊಂಡಿದ್ದಾರೆ. ಹೆಚ್ಚಿನವರು ಪಾಲಿಸುತ್ತಾರೆ.

ನಮ್ಮಲ್ಲಿ ಮನೆ ಕಟ್ಟುವಾಗ ಎದುರಿಗೆ ಒಂದು ಬೆರ್ಚಪ್ಪ ನಿಲ್ಲಿಸುತ್ತಾರೆ, ಬೂದುಗುಂಬಳ ಕಟ್ಟುತ್ತಾರೆ. ಕಟ್ಟಡಕ್ಕೆ ಜನರ ದೃಷ್ಟಿ ತಾಗಬಾರದು ಎಂದು. ಜನರ ದೃಷ್ಟಿಗೆ ಕಟ್ಟಡ ತಾಗಬಾರದು ಎಂದು ನಿಲ್ಲಿಸುವ ಬೆರ್ಚಪ್ಪ ಇನ್ನೂ ಬಂದಿಲ್ಲ. ಸದ್ಯಕ್ಕೆ ಆ ಕೆಲಸ ಗ್ರಾಮಸಭೆಯೇ ಮಾಡಬೇಕು. 2016ರ ಕೇರಳ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯಲ್ಲಿ ಪಂಚಾಯತು ತನ್ನ ಪ್ರದೇಶಕ್ಕೆ ಮಾಸ್ಟರ್ ಪ್ಲಾನ್ ಮಾಡಲು ಅವಕಾಶ ಉಂಟು. ಕರಡು ಪ್ರಕಟವಾದಾಗ ಜನರು ಆಕ್ಷೇಪ, ಸಲಹೆ ಕೊಡಬಹುದು. ಯಾರಾದರೂ ನಕ್ಷೆ ತಂದ ಮೇಲೆ ಓಡುವುದಕ್ಕಿಂತ, ಯಾವ ಜಾಗದಿಂದ ಯಾವ ನೋಟ ಊರಿಗೆ ಬೇಕು ಎಂದು ಮೊದಲೇ ಬರೆದಿಟ್ಟರೆ ಕಟ್ಟುವವನಿಗೂ ಒಳ್ಳೆಯದು. ಜಾಗ ಕೊಳ್ಳುವ ಮೊದಲೇ ಅವನಿಗೆ ಗೊತ್ತಿರ್ತದೆ, ಹಣ ಹಾಕಿದ ಮೇಲೆ ಜಗಳ ಇಲ್ಲ.

ಅದಕ್ಕಾಗಿ ವಾಚನಾಲಯದಲ್ಲಿ ಪತ್ರಿಕೆಯ ರಿಜಿಸ್ಟರಿನ ಪಕ್ಕ ಇನ್ನೊಂದು ನೋಟ್ ಪುಸ್ತಕ ಇಟ್ಟಿದ್ದೇವೆ. ನಾಲ್ಕು ಕಾಲಂ: ಎಲ್ಲಿ ನಿಂತರೆ, ಯಾವ ದಿಕ್ಕಿಗೆ, ಎಂತ ಕಾಣ್ತದೆ, ಅದರಿಂದ ಎಂತ ಉಪಯೋಗ. ಈವರೆಗೆ 37 ಬರಹ ಬಂದಿವೆ. ಒಬ್ಬರು ಕಂಬಳದ ಗದ್ದೆಯಿಂದ ಕಾಣುವ ಒಂಟಿ ತಾಳೆಮರ ಬರೆದಿದ್ದಾರೆ, ಹಕ್ಕಿ ಕೂರುವುದು ನೋಡಿ ಕಾಲ ತಿಳಿಯುತ್ತಾರಂತೆ. ಒಬ್ಬಳು ಆರನೆಯ ಕ್ಲಾಸಿನ ಹುಡುಗಿ, ಶಾಲೆಯ ಕಿಟಕಿಯಿಂದ ಪದವಿನ ಮೇಲೆ ಹೋಗುವ ದನಗಳ ಸಾಲು ಎಂದು ಬರೆದು, ಉಪಯೋಗದ ಕಾಲಮ್ಮಿನಲ್ಲಿ "ಲೆಕ್ಕದ ಪಿರಿಯಡ್ಡಿನಲ್ಲಿ" ಎಂದು ಬರೆದಿದ್ದಾಳೆ. ಮಾಸ್ಟ್ರು ಅದಕ್ಕೂ ಸಹಿ ಹಾಕಿದ್ದಾರೆ.

ಪಡುವಣ ಬದಿಯದ್ದು ಇನ್ನೂ ಕಡಿಮೆ ಬಂದಿದೆ. ಹೊಸ ಆರು ಲೇನಿನ ಹೆದ್ದಾರಿಯ ಕಡೆ ಗುಡ್ಡೆಗಳು ಬೇಗ ಬೇಗ ತಗ್ಗುತ್ತಿವೆ, ನಿನ್ನೆ ಕಂಡದ್ದು ಇವತ್ತು ಇರುವುದಿಲ್ಲ. ಆ ಕಡೆಯವರು ತಡಮಾಡದೆ ಬಂದು ಬರೆಯಬೇಕು. ಪೆನ್ನು ಪುಸ್ತಕಕ್ಕೆ ದಾರದಲ್ಲಿ ಕಟ್ಟಿ ಇಟ್ಟಿದ್ದೇವೆ.